ಮೀನು ಮೇಡಂ ಕಂಡ ಅಲೆ

ಮೀನು ಮೇಡಂ ಎಂದು ಹೆಸರಿಟ್ಟವರು ಎಂಜಿನಿಯರುಗಳು. ಜೀವಶಾಸ್ತ್ರ ಓದಿದ ಹೆಂಗಸು ಮೂವತ್ತೈದನೇ ವಯಸ್ಸಿನಲ್ಲಿ ತಮ್ಮ ವಿಭಾಗಕ್ಕೆ ಬಂದು ಕರೆಂಟಿನ ಪಾಠ ಕೇಳಿದ್ದು ಅವರಿಗೆ ತಮಾಷೆಯಾಗಿತ್ತು. ಮೇಡಂ ಅವರ ಸ್ವಂತ ವಿಭಾಗದವರೋ, ಈಕೆಗೆ ವೈರಿನ ಹುಚ್ಚು ಹಿಡಿದಿದೆ ಎಂದು ಮೂಗು ಮುರಿದರು. ಎರಡೂ ಕಡೆಯ ಮಹಾಶಯರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೇಡಂಗೆ ಸೋಲ್ಡರಿಂಗ್ ಕಲಿಸಿದವನು ನಾನು, ಲ್ಯಾಬಿನ ಮೆಕ್ಯಾನಿಕ್. ಮೊದಲ ದಿನವೇ ಬೆರಳು ಸುಟ್ಟುಕೊಂಡು, ಮರುದಿನ ಬ್ಯಾಂಡೇಜ್ ಸುತ್ತಿಕೊಂಡೇ ಬಂದರು.

ಮೀನಿನ ಮಿದುಳಿನ ತೆಳು ಚೂರನ್ನು ಗಾಜಿನ ಬಟ್ಟಲಲ್ಲಿಟ್ಟು, ಅದು ಸಾಯದಂತೆ ಪಂಪಿನಿಂದ ಉಪ್ಪುನೀರು ಹರಿಸುತ್ತ, ಕೂದಲೆಳೆಯಂಥ ತಂತಿ ಚುಚ್ಚಿ, ನರಗಳ ಕರೆಂಟನ್ನು ಪರದೆಯ ಮೇಲೆ ನೋಡುವುದು ನಮ್ಮ ಕೆಲಸ. ಅಲ್ಲಿ ಮೇಡಂ ಒಂದು ಅಲೆ ಕಂಡರು, ಸೆಕೆಂಡಿಗೆ ನಾಲ್ಕು ಸಲ ಏಳುವಂಥದ್ದು. ಕೈ ನಡುಗುವ ಕಾಯಿಲೆಯ ಬೇರು ಇದೇ ಎಂದರು. ಹನ್ನೆರಡು ವರ್ಷದಲ್ಲಿ ಆ ಅಲೆ ಅವರನ್ನು ಪ್ರೊಫೆಸರ್ ಮಾಡಿತು. ಅಲೆ ಎದ್ದೊಡನೆ ಅಡಗಿಸುವ, ಅಂಗಿಯ ಗುಂಡಿಯಷ್ಟು ಪುಟ್ಟ ಯಂತ್ರವನ್ನೂ ಮಾಡಿದರು. ನಕ್ಕಿದ್ದ ಎಂಜಿನಿಯರುಗಳೇ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು.

ಅದನ್ನು ಮೊದಲು ತಲೆಯೊಳಗೆ ಇರಿಸಿಕೊಳ್ಳಲು ಒಪ್ಪಿದವರು ಒಬ್ಬ ದರ್ಜಿ. ಸೂಜಿಗೆ ದಾರ ಪೋಣಿಸಲಾಗದೆ ಅಂಗಡಿ ಮುಚ್ಚಿದ್ದರು. ಆಪರೇಷನ್ ಗುರುವಾರವಿತ್ತು.

"ಬಿಚ್ಚಿ ನೋಡ್ದಾಗ ಒಳಗೆ ಏನೂ ಇಲ್ಲ ಅಂದ್ರೆ, ನೀಟಾಗಿ ಹೊಲ್ದು ಕಳ್ಸಿಬಿಡಿ ಮೇಡಂ," ಎಂದು ನಗಿಸುತ್ತಿದ್ದರು.

ಸೋಮವಾರ ಹಳೆಯ ಪಂಪು ಕೆಟ್ಟಿತು. ಹೊಸದನ್ನು ಜೋಡಿಸಿದೆ, ಅದರ ವೇಗ ತುಸು ಹೆಚ್ಚು. ಮಂಗಳವಾರ ಬೆಳಿಗ್ಗೆ ಪರದೆ ನೋಡಿದರೆ ಅಲೆ ಸೆಕೆಂಡಿಗೆ ಐದು. ಅನುಮಾನ ಬಂತು. ಪಂಪನ್ನು ಇನ್ನಷ್ಟು ಜೋರು ಮಾಡಿದೆ. ಅಲೆ ಆರಕ್ಕೇರಿತು.

ಸುಳ್ಳೇಕೆ ಹೇಳಲಿ, ಆ ದಿನವಿಡೀ ಬಾಯಿ ಮುಚ್ಚಿಕೊಂಡಿದ್ದೆ. ಅಲೆ ಮಿದುಳಿನದ್ದೇ ಎಂದು ಖಾತ್ರಿ ಮಾಡಿಕೊಳ್ಳಲು ಬರೀ ಉಪ್ಪುನೀರಿನಲ್ಲಿ ತಂತಿ ಅದ್ದಿ ಪರೀಕ್ಷಿಸುವುದು ನಮ್ಮಲ್ಲಿ ಕಡ್ಡಾಯ, ಪ್ರತಿ ವರ್ಷ ಮಾಡುತ್ತಿದ್ದೆವು. ಆದರೆ ಬದುಕಿಸಬೇಕಾದ ಚೂರೇ ಬಟ್ಟಲಲ್ಲಿಲ್ಲವಲ್ಲ ಎಂದು ಆ ಹೊತ್ತು ಪಂಪು ನಿಲ್ಲಿಸುತ್ತಿದ್ದವನು ನಾನೇ. ಕೊಳವೆ ಸವೆಯದಿರಲಿ ಎಂಬ ನನ್ನ ಬುದ್ಧಿವಂತಿಕೆ! ಹಳೆಯ ಪಂಪು ಇನ್ನೊಂದು ವಾರ ಓಡಿದ್ದರೆ ದರ್ಜಿಯ ತಲೆ ಬಿಚ್ಚಿಯಾಗಿರುತ್ತಿತ್ತು. ಬುಧವಾರ ಹೇಳಿಬಿಟ್ಟೆ.

ಮೇಡಂ ಬೈಯಲಿಲ್ಲ. ಮಿದುಳಿನ ಚೂರನ್ನು ತೆಗೆದು ಪಕ್ಕಕ್ಕಿಟ್ಟರು. ಬಟ್ಟಲಲ್ಲಿ ಉಳಿದದ್ದು ಉಪ್ಪುನೀರು ಮಾತ್ರ.

"ಪಂಪ್ ಆನ್ ಮಾಡಿ."

ಅಲೆ ಬಂತು.

"ಆಫ್ ಮಾಡಿ."

ಹೋಯಿತು. ಮೂರು ಸಲ ಹಾಗೆಯೇ ಮಾಡಿಸಿದರು. ಮೂರನೆಯ ಸಲ ಬರೀ ಕೈಸನ್ನೆ ಮಾಡಿದರು. ಆಮೇಲೆ ನನ್ನೆದುರೇ ಸ್ಪೀಕರ್ ಹಾಕಿ ದರ್ಜಿಗೆ ಫೋನ್ ಹಚ್ಚಿದರು.

"ನಾಳೆ ಬರ್ಬೇಡಿ. ತಪ್ಪು ನಂದು. ಇಷ್ಟು ವರ್ಷ ನಾನು ನೋಡಿದ್ದು ಮಿದುಳನ್ನಲ್ಲ, ಪಂಪನ್ನ."

ಈ ಸಲ ದರ್ಜಿ ನಗಿಸಲಿಲ್ಲ.

"ಅಂಗಡಿ ಗುಡ್ಸಿ, ಮಿಷಿನ್‌ಗೆ ಎಣ್ಣೆ ಬಿಟ್ಟಿಟ್ಟಿದ್ದೆ ಮೇಡಂ," ಎಂದರು.