ವರ್ಷಕ್ಕಾಗುವಷ್ಟು ಮೆಣಸಿನಕಾಯಿ

ಹುಳಿ ಮಜ್ಜಿಗೆಯ ವಾಸನೆ ಮೂಗಿಗೆ ಬಡಿದು ಇಂದೂಬಾಯಿ ಕಣ್ಣು ತೆರೆದಳು. ಇನ್ನು ನಮ್ಮ ಕೈಯಲ್ಲಿಲ್ಲ ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ, ಬಿಬವೇವಾಡಿಯ ಆ ಫ್ಲ್ಯಾಟಿನ ನಡುಮನೆಯಲ್ಲಿ, ಬಾಲ್ಕನಿಯ ಪಕ್ಕಕ್ಕೆ ಅವಳ ಮಂಚ ಬಂದಿತ್ತು. ಅಲ್ಲಿಂದ ಅಡುಗೆಮನೆ ಕಾಣುತ್ತದೆ. ಸೊಸೆ ಕೋಮಲಾ ನೆಲದ ಮೇಲೆ ಕೂತು ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ ಉಪ್ಪುಮಜ್ಜಿಗೆಯಲ್ಲಿ ಮುಳುಗಿಸುತ್ತಿದ್ದಳು. ಅವಳ ತವರು ಕುಂಭಕೋಣದಲ್ಲಿ ಇದಕ್ಕೆ ಮೋರ್ ಮಿಳಗಾಯ್ ಅನ್ನುತ್ತಾರೆ. ರಾತ್ರಿ ಮಜ್ಜಿಗೆಯಲ್ಲಿ, ಹಗಲು ಬಿಸಿಲಿನಲ್ಲಿ, ಸಂಜೆ ಮತ್ತೆ ಅದೇ ಮಜ್ಜಿಗೆಯಲ್ಲಿ. ಮಜ್ಜಿಗೆಯೆಲ್ಲ ಇಂಗಿ ಗಲಗಲ ಒಣಗಿದ ಮೇಲೆ ಭರಣಿಗೆ. ಕರಿದರೆ ಮೊಸರನ್ನಕ್ಕೆ ಅದರಂಥ ಜೋಡಿ ಇನ್ನೊಂದಿಲ್ಲ.

"ಸಂಕ್ರಾಂತಿ ಎಳ್ಳು ಇನ್ನೂ ಡಬ್ಬಿಯೊಳಗ ಅದ. ಇಷ್ಟ ಲಗೂ ಯಾಕವಾ? ನೀ ಹೋಳಿ ಆದಮ್ಯಾಲೆ ಮಾಡಾಕಿ."

"ಬಿಸಲು ಛಲೋ ಅದ ಅತ್ಯಾ," ಕೋಮಲಾ ತಲೆ ಎತ್ತಲಿಲ್ಲ.

ಇಂದೂಬಾಯಿಗೆ ತಿಳಿಯಿತು. ಮನೆಯಲ್ಲಿ ಸಾವಾದರೆ ವರ್ಷ ತುಂಬುವ ತನಕ ಹಪ್ಪಳ, ಸಂಡಿಗೆ, ಬಿಸಿಲಿಗೆ ಹರವುವ ಯಾವುದನ್ನೂ ಮಾಡುವಂತಿಲ್ಲ. ಅರ್ಧ ಒಣಗಿದ್ದು ಇದ್ದರೆ ಅದನ್ನೂ ಚೆಲ್ಲಬೇಕು. ಈ ರೀತಿ ಕಲಿಸಿದವಳು ತಾನೇ. ತನ್ನ ಗಂಡ ತೀರಿಕೊಂಡ ವರ್ಷ, ಆಗಿನ್ನೂ ಹೊಸ ಸೊಸೆಯಾಗಿದ್ದ ಕೋಮಲಾ ಏನೂ ಅರಿಯದೆ ಬೋಗುಣಿ ತುಂಬ ಇದೇ ಮೆಣಸಿನಕಾಯಿ ನೆನೆಹಾಕಿದ್ದಳು. ಇಂದೂಬಾಯಿ ಅದನ್ನು ಹಾಗೇ ಎತ್ತಿ ಮೋರಿಗೆ ಸುರಿದು, "ನಿಮ್ಮ ಮದ್ರಾಸಿನೊಳಗ ಸತ್ತವರಿಗೆ ಯಾರೂ ಅಳೂದಿಲ್ಲೇನು?" ಎಂದಿದ್ದಳು.

ಸೊಸೆ ಲೆಕ್ಕ ಹಾಕಲಿ, ಅವಳ ಹಕ್ಕು. ಮಗನಿಗೆ ಇದು ಗೊತ್ತಿರಲಿಕ್ಕಿಲ್ಲ. ಅಷ್ಟು ನಂಬಿಕೆಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಸಂಜೆಯ ತನಕ ಕಾದಳು.

"ಇಷ್ಟೊಂದು ಮೆಣಸಿನಕಾಯಿ ಯಾರು ತಂದರೋ ಮಧುಕರ?"

"ನಾನ ಅವ್ವಾ. ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ಒಮ್ಮೆಲೆ ವರ್ಷದ್ದು ಆಗಿಹೋಗಲಿ ಅಂತ..."

ಬೂಟಿನ ಲೇಸು ಬಿಚ್ಚಲು ಬಗ್ಗಿದವ ಬಹಳ ಹೊತ್ತು ಏಳಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳಿಗೆ ಯಾವುದಕ್ಕೂ ಕೊರತೆಯಾಗಲಿಲ್ಲ. ಹೊತ್ತಿಗೆ ಸರಿಯಾಗಿ ಗುಳಿಗೆ, ಆರಿಸಿ ತಂದ ಬೆಚ್ಚನೆಯ ಹಾಲು. ಕೆಮ್ಮಿದರೆ ಮಗ ಓಡಿ ಬರುತ್ತಿದ್ದ. ಮೇಲಿನ ಮನೆಯ ಸೋನಾಲಿ ಬಂದು, "ಕಾಕೂ, ಇಂಥ ಸೂನ್ ಯಾರಿಗೆ ಸಿಗ್ತಾಳೆ," ಎಂದು ಮರಾಠಿಯಲ್ಲಿ ಸೊಸೆಯನ್ನು ಕೊಂಡಾಡಿ ಹೋದಳು. ಇಂದೂಬಾಯಿ ಬಾಲ್ಕನಿಯತ್ತ ನೋಡಿದಳು. ಮೆಣಸಿನಕಾಯಿಯ ಹಸಿರು ಬಿಳಚಿ, ಬಿಳಚಿದ್ದು ಸುಕ್ಕಾಗುತ್ತಿತ್ತು. ಅದು ಒಣಗುವ ತನಕ ತಾನು ಈ ಮನೆಗೆ ಬೇಕು.

ಕಡೆಗೊಂದು ಮಧ್ಯಾಹ್ನ ಮೊರದಲ್ಲಿ ಮೆಣಸಿನಕಾಯಿ ಗಲಗಲ ಅಂದವು. ಕೋಮಲಾ ಒಂದೆರಡು ಕರಿದಳು. ಇಂದೂಬಾಯಿ ಕೇಳಿ ತರಿಸಿಕೊಂಡು, ಹಲ್ಲಿಲ್ಲದ ಒಸಡಿನಲ್ಲಿ ಒತ್ತಿ ಹಿಡಿದಳು. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿ ಕೂತಿತ್ತು.

"ಉಪ್ಪು ಕಡಿಮಿ ಆಗ್ಯದ. ವರ್ಷತನಕ ತಾಳೂದಿಲ್ಲ. ಇನ್ನೊಮ್ಮೆ ಮಜ್ಜಿಗಿಯೊಳಗ ಹಾಕು."

ಮಧುಕರ ಹೆಂಡತಿಯ ಮುಖ ನೋಡಿದ. "ಹಾಕೂಣೇನು?"

ಕೋಮಲಾ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಅತ್ತೆಯ ಕಣ್ಣಿನಲ್ಲಿದ್ದ ಬೇಡಿಕೆ ಅವಳಿಗೆ ಕಂಡಿತು. ಕಂಡೂ ಕಣ್ಣು ಕೆಳಗಿಳಿಸಲಿಲ್ಲ.

"ಉಪ್ಪು ಸರಿ ಅದ ಅತ್ಯಾ. ಅವತ್ತು ಮೋರಿಗೆ ಹೋದದ್ದರೊಳಗೂ ಸರಿನ ಇತ್ತು."

ಭರಣಿ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟದ ಮೇಲಿಟ್ಟಳು.

ಸಂಜೆ ಮಧುಕರ ಹಾಲಿನ ಲೋಟವನ್ನು ಸ್ಟೂಲಿನ ಮೇಲಿಟ್ಟು ಹೋದ. ಇಂದೂಬಾಯಿ ಕೈ ಚಾಚಿ ಮುಟ್ಟುವ ಹೊತ್ತಿಗೆ ಅದು ತಣ್ಣಗಾಗಿ ಕೆನೆ ಕಟ್ಟಿತ್ತು.