ಆಮೇಲೆ ಅವಳೇನಾದಳು?

ಮೊನ್ನೆ ಪಾರಾಯಣಕ್ಕೆಂದು ಪುರಾಣದ ಹೊತ್ತಗೆಯನ್ನು ಬಿಚ್ಚಿದಾಗ ಹಾಳೆಗಳ ನಡುವಿನಿಂದ ಮಾಸಿದ ಕೆಂಪು ರೇಷ್ಮೆಯ ಎಳೆಯೊಂದು ಮಡಿಲಿಗೆ ಜಾರಿತು. ಅದನ್ನು ಅಲ್ಲಿಟ್ಟವರು ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ಇಂಗ್ಲಿಷ್ ಅಧ್ಯಾಪಕಿ. ತೊಂಬತ್ತರ ದಶಕದ ಮೊದಲ ವರ್ಷಗಳವು...

ಆಕೆ ಒಂಟಿ. ಆಫ್ರಿಕದ ಗಂಡಸರು ಬರೆದ ಕಾದಂಬರಿಗಳಲ್ಲಿ ಹೆಂಗಸರು ಹೇಗೆ ಕಾಣುತ್ತಾರೆಂಬುದನ್ನು ಕುರಿತ ಪ್ರಬಂಧವನ್ನು ಮುಗಿಸಬೇಕೆಂಬುದೊಂದೇ ಅವರ ಹಂಬಲ. ನಮ್ಮ ಬೀದಿಯಲ್ಲಿ ಮಾತು ಕೇಳಿಸಬೇಕಾದರೆ ಕರೆಂಟು ಹೋಗಬೇಕು, ಮಗ್ಗಗಳು ನಿಲ್ಲಬೇಕು. ಅಂಥ ಮಧ್ಯಾಹ್ನಗಳಲ್ಲಿ ನೇಕಾರರ ಮನೆಯ ಹೆಂಗಸರು ನಮ್ಮ ಜಗಲಿಗೆ ಬರುತ್ತಿದ್ದರು. ಆಕೆ ತಾವು ಓದಿದ ಕಥೆಗಳನ್ನು ಹೇಳುತ್ತಿದ್ದರು.

ಒಮ್ಮೆ ಹೇಳಿದ ಕಥೆ ಇದು. ಬಿಳಿಯರ ವಿರುದ್ಧ ಹೋರಾಡಿ ಊರಿಗೆ ಮರಳಿದ ನಾಯಕ ಪಟ್ಟಣದಿಂದ ಎರಡನೆಯವಳನ್ನು ಕರೆತರುತ್ತಾನೆ. ಅವನ ಹೊಲ ಮನೆ ಕಾಯ್ದ ಮೊದಲ ಹೆಂಡತಿ ಬುಟ್ಟಿ ಹೊತ್ತು ಹೊರಟುಹೋಗುತ್ತಾಳೆ.

"ಆಮೇಲೆ ಅವಳೇನಾದ್ಲು, ಮೇಡಮ್ನೋರೆ?" ಎಂದಳು ಎದುರುಮನೆಯ ನೇಕಾರರ ಸೊಸೆ.

"ಬರೆದೋರು ಹೇಳಿಲ್ಲ ಕಣಮ್ಮ. ಅಲ್ಲಿಂದಾಚೆ ಕಥೆಯೆಲ್ಲ ಅವನದ್ದೇ."

"ಅಷ್ಟು ದಪ್ಪ ಪುಸ್ತಕದಲ್ಲಿ ಅವಳಿಗೆ ಎರಡು ಸಾಲು ಸಿಗ್ಲಿಲ್ವಾ? ನಮ್ಮ ಯಜಮಾನ್ರೇ ಬರೆದಿರ್ಬೇಕು ಬಿಡಿ!"

ಜಗಲಿಯೆಲ್ಲ ನಕ್ಕಿತು. ಎಲ್ಲರೂ ಹಾಗಲ್ಲ, ಹೆಂಗಸರನ್ನೇ ಮುಂದೆ ನಿಲ್ಲಿಸಿ ಬರೆದ ಗಂಡಸರೂ ಅಲ್ಲಿದ್ದಾರೆ ಎಂದು ಆಕೆ ನಂತರ ನನಗೆ ವಿವರಿಸಿದರು. ಆದರೆ ಬಹುಪಾಲು ಪುಸ್ತಕಗಳಲ್ಲಿ ಹಳ್ಳಿಯ ಹೆಣ್ಣೆಂದರೆ ನಾಡನ್ನು ಹೆತ್ತ ತಾಯಿ, ಪಟ್ಟಣದವಳೆಂದರೆ ದಾರಿ ತಪ್ಪಿದವಳು. ಸುಮ್ಮನೆ ತನ್ನ ಪಾಡಿಗೆ ಬದುಕುವವಳಿಗೆ ಸ್ಥಳವೇ ಇಲ್ಲವಂತೆ.

ಮತ್ತೊಂದು ದಿನ ಆಕೆ ನನ್ನ ಪುರಾಣದ ಹೊತ್ತಗೆಯನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು ಓದಿದರು. "ಗಂಡ ತಪಸ್ಸಿಗೆ ಹೋದ. ಮನೇಲಿ ಉಳಿದೋಳು ಏನಾದ್ಲು, ಶಾಸ್ತ್ರಿಗಳೇ?"

"ಭಗವಂತ ಕಾಯ್ತಾನಮ್ಮ" ಎಂದೆ.

"ಕಾಯ್ತಾನೆ, ಸರಿ. ಅದನ್ನ ಬರೆದಿಡೋಕೆ ಯಾರಿಗೂ ಪುರುಸೊತ್ತಾಗ್ಲಿಲ್ಲ, ನೋಡಿ" ಎಂದು ಮೆಲ್ಲನೆ ನಕ್ಕು, ಆ ಪುಟದಲ್ಲಿ ಈ ಎಳೆಯನ್ನಿಟ್ಟರು.

ಪ್ರಬಂಧದ ಕೊನೆಯ ಅಧ್ಯಾಯವೊಂದು ಉಳಿದಿದ್ದಾಗ ಅವರ ತಮ್ಮ ಬಂದರು. ತಮ್ಮನ ಹೆಂಡತಿ ತೀರಿಕೊಂಡಿದ್ದರು. "ಓದಿದ್ದು ಸಾಕು ಬಾ ಅಕ್ಕ. ಮಕ್ಕಳನ್ನ ನೋಡ್ಕೊಳೋಕೆ ಇನ್ಯಾರಿದ್ದಾರೆ?"

ಆಫ್ರಿಕದ ಪುಸ್ತಕಗಳು ಟ್ರಂಕು ಸೇರಿದವು, ಆಕೆ ಕೆಲಸವನ್ನೂ ಬಿಟ್ಟರು. ಹೊರಡುವಾಗ ಕರೆಂಟಿತ್ತು, ಮಗ್ಗಗಳ ಅಬ್ಬರ ಬೀದಿಯನ್ನು ತುಂಬಿತ್ತು. ಆಟೋ ಹತ್ತುವ ಮುನ್ನ ನನ್ನತ್ತ ತಿರುಗಿ ಏನೋ ಹೇಳಿದರು... ತುಟಿಯಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಆ ಬಳಿಕ ಅವರ ಸುದ್ದಿಯಿಲ್ಲ.

ಈಗ ಬೀದಿಯಲ್ಲಿ ಮಗ್ಗಗಳೂ ವಿರಳ. ಮಾತೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ. ಜಗಲಿಗೆ ಬಂದು ಕೂಡುವವರಿಲ್ಲ. ಮೊನ್ನೆ ಮಾತ್ರ ಎದುರುಮನೆಯ ಆ ಸೊಸೆ, ಈಗ ಅಜ್ಜಿ, ಹೂವು ಕೊಡಲು ಬಂದವಳು ನನ್ನ ಕೈಯಲ್ಲಿದ್ದ ಎಳೆಯನ್ನು ಗುರುತಿಸಿದಳು. "ನಾನೇ ಕೊಟ್ಟಿದ್ದು ಸ್ವಾಮಿ, ಪುಸ್ತಕಕ್ಕೆ ಗುರುತಿಗೆ ಬೇಕು ಅಂದಿದ್ರು" ಎಂದಳು. "ಆಮೇಲೆ ಮೇಡಮ್ನೋರು ಏನಾದ್ರು?"

ಭಗವಂತ ಕಾಯುತ್ತಾನೆ ಎಂಬ ಮಾತು ನಾಲಗೆಯವರೆಗೆ ಬಂತು. ಎಳೆಯನ್ನು ಮತ್ತೆ, ಗಂಡ ತಪಸ್ಸಿಗೆ ಹೋದ ಅದೇ ಪುಟದಲ್ಲಿಟ್ಟೆ.