ತಮ್ಮ ಸರಿಮಾಡಿದ ಮನೆ

ಮೂವತ್ತನಾಲ್ಕು ವರ್ಷ ಸ್ಕೂಲ್ ಮಕ್ಕಳ ಯೂನಿಫಾರ್ಮ್ ಹೊಲಿದ ಅಕ್ಕನಿಗೆ ಈಗ ಕಣ್ಣು ಕಾಣುವುದಿಲ್ಲ ಎಂಬ ಸಂಗತಿ ಇಬ್ಬರಿಗೆ ಮಾತ್ರ ಗೊತ್ತಿತ್ತು, ಅವಳಿಗೆ ಮತ್ತು ಕಣ್ಣಿನ ಡಾಕ್ಟರಿಗೆ. ಬೆಳಕಿದೆಯೋ ಕತ್ತಲಿದೆಯೋ ತಿಳಿಯುತ್ತಿತ್ತು. ಎದುರಿಗಿರುವುದು ಮನುಷ್ಯನೋ ಕಂಬವೋ ಎಂಬುದು ಅದು ಮಾತಾಡಿದ ಮೇಲೆ ತಿಳಿಯುತ್ತಿತ್ತು. ಇನ್ನು ಮಾಡುವಂಥದ್ದೇನಿಲ್ಲ ಎಂದು ಡಾಕ್ಟರು ಹೇಳಿದಾಗ, "ಹಾಗಾದ್ರೆ ಯಾರಿಗೂ ಹೇಳೋವಂಥದ್ದೂ ಏನಿಲ್ಲ" ಎಂದು ಎದ್ದು ಬಂದಿದ್ದಳು.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಂಗಿ ಬಂದು ಅತ್ತು ಕರೆದು, ಮೂರನೇ ಮಹಡಿಯ ತನ್ನ ಫ್ಲಾಟಿಗೆ ಕರೆದೊಯ್ದು, ಕುರ್ಚಿಯಲ್ಲಿ ಕೂರಿಸಿ ಹೊತ್ತುಹೊತ್ತಿಗೆ ಕಾಫಿ ಕೊಡುತ್ತಾಳೆ. ತಂಗಿ ಒಳ್ಳೆಯವಳು. ತೊಂದರೆಯೇ ಅದು.

ಈ ಮನೆಯಲ್ಲಾದರೆ ಅಕ್ಕನಿಗೆ ಕಣ್ಣಿನ ಹಂಗಿರಲಿಲ್ಲ. ಎಂಬತ್ತು ವರ್ಷದ ಮನೆ, ನೆಟ್ಟಗಿರುವುದು ಒಂದೂ ಇರಲಿಲ್ಲ. ಅಡುಗೆಮನೆ ಬಾಗಿಲು ಅರ್ಧ ತೆರೆದರೆ ಒಂದು ಸಲ, ಪೂರ್ತಿ ತೆರೆದರೆ ಎರಡು ಸಲ ಕಿರುಗುಟ್ಟುತ್ತಿತ್ತು. ಹಿತ್ತಿಲಿಗಿಳಿಯುವ ಏಳು ಮೆಟ್ಟಿಲಲ್ಲಿ ಆರನೆಯದು ಎಡಕ್ಕೆ ವಾಲಿತ್ತು. ಅದು ಕಾಲಿಗೆ ಸಿಕ್ಕಿತೆಂದರೆ ಇನ್ನೊಂದೇ ಬಾಕಿ. ಎಣಿಸಬಹುದಿತ್ತು, ಆದರೆ ಸ್ವಂತ ಮನೆಯಲ್ಲಿ ಎಣಿಸಿಕೊಂಡು ಓಡಾಡುವುದು ಅವಳಿಗೆ ಅವಮಾನ. ಹಿತ್ತಿಲ ನಲ್ಲಿ ಹಗಲಿರುಳೂ ತೊಟ್ಟಿಕ್ಕುತ್ತಿತ್ತು. ಆ ಸದ್ದನ್ನು ಬಲಕ್ಕಿಟ್ಟುಕೊಂಡು ನಡೆದರೆ ಪುದೀನದ ಪಾತಿ. ಪಾತಿಯಲ್ಲಿ ಬೆಳೆದದ್ದು ಗಿಡ, ದಾರಿಯಲ್ಲಿ ಬೆಳೆದದ್ದು ಕಳೆ. ಕಳೆಯನ್ನು ದಿನಾ ಕಿತ್ತುಹಾಕುವುದು ಅವಳ ಬೆಳಗಿನ ಕೆಲಸ.

ಅಂಥ ಮನೆಗೆ ತಮ್ಮ ರಿಟೈರ್ ಆಗಿ ಬಂದ. ಹೆಂಡತಿ ತೀರಿಕೊಂಡಿದ್ದಳು, ಅಕ್ಕ ತಮ್ಮ ಜೊತೆಗಿದ್ದರಾಯಿತೆಂದು ಟೂಲ್ ಬಾಕ್ಸ್ ಹಿಡಿದು ಬಂದವನು. ಲಿಫ್ಟ್ ಮೆಕ್ಯಾನಿಕ್. ಲಿಫ್ಟು ಸದ್ದು ಮಾಡಬಾರದು, ನೆಲಕ್ಕೆ ಸರಿಸಮನಾಗಿ ನಿಲ್ಲಬೇಕು ಎಂದು ಆಯುಷ್ಯವಿಡೀ ಒದ್ದಾಡಿದವನಿಗೆ ಈ ಮನೆಯನ್ನು ಒಂದು ಸುತ್ತು ನೋಡಿದ್ದೇ ಕೈ ಕಡಿಯತೊಡಗಿತು.

ಮೊದಲ ದಿನ ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟ. ಮರುದಿನ ಅಕ್ಕನ ಹಣೆ ಅರ್ಧ ತೆರೆದ ಬಾಗಿಲಿಗೆ ಬಡಿಯಿತು.

"ಏನಕ್ಕ ಇದು, ನಿಂಬೆಹಣ್ಣಿನಷ್ಟು ಊದಿದೆ?"

"ಸೊಳ್ಳೆ ಕಚ್ಚಿದ್ದು."

"ಅಷ್ಟು ದೊಡ್ಡ ಸೊಳ್ಳೆನಾ?"

"ಹಳೇ ಮನೆ ಕಣೋ. ಸೊಳ್ಳೆನೂ ಹಳೇವು."

ಅವನು ಅಂಗಡಿಗೆ ಹೋದಾಗ ಅಕ್ಕ ಕೀಲುಗಳನ್ನು ಸೋಪು ನೀರಿನಿಂದ ತೊಳೆದಳು. ಅವನು ಬಂದು ಮತ್ತೆ ಎಣ್ಣೆ ಬಿಟ್ಟ. ಆಮೇಲೆ ಆರನೇ ಮೆಟ್ಟಿಲನ್ನು ಕಿತ್ತು, ಮಟ್ಟ ನೋಡಿ ಕೂರಿಸಿದ. ವಾಲಿದ ಮೆಟ್ಟಿಲು ಕಾಲಿಗೆ ಸಿಗದೆ, ಇನ್ನೂ ಇಳಿಯುವುದಿದೆ ಎಂದುಕೊಂಡು ನೆಲಕ್ಕೆ ಕಾಲಿಟ್ಟ ಅಕ್ಕ ಮುಗ್ಗರಿಸಿ ಧೊಪ್ಪನೆ ಮೆಟ್ಟಿಲ ಮೇಲೇ ಕೂತುಬಿಟ್ಟಳು.

"ಯಾಕಕ್ಕ ಅಲ್ಲಿ ಕೂತೆ?"

"ನಿನ್ನ ಕೆಲಸ ಗಟ್ಟಿಯಾಗಿದೆಯಾ ನೋಡ್ದೆ. ಗಟ್ಟಿಯಾಗಿದೆ."

ಹೊಗಳಿಕೆ ಕೇಳಿ ತಮ್ಮನಿಗೆ ಹುರುಪು ಬಂತು. ಅವತ್ತೇ ನಲ್ಲಿಗೆ ಹೊಸ ವಾಷರ್ ಹಾಕಿದ. ಹಿತ್ತಿಲು ಗಪ್‌ಚಿಪ್ಪಾಯಿತು. ಖಾಲಿ ಜಾಗ ಹಾಳಾಗುತ್ತಿದೆಯೆಂದು ದಾರಿಯುದ್ದಕ್ಕೂ ಏನೋ ನೆಟ್ಟ. ಅಕ್ಕ ಮೆಟ್ಟಿಲ ಮೇಲೆ ಕೂತು ಅವನತ್ತ ಮುಖ ಮಾಡಿ, "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಿದ್ದಳು. ಎಲ್ಲಿ ನೆಡುತ್ತಿದ್ದಾನೆಂದು ಕೇಳಿದರೆ ಗುಟ್ಟು ರಟ್ಟಾಗುತ್ತಿತ್ತು.

ಮರುದಿನ ಬೆಳಿಗ್ಗೆ ಗೋಡೆ ಸವರಿಕೊಂಡು ಹೋಗಿ ದಾರಿ ಹಿಡಿದಳು. ಕಳೆ ಹುಲುಸಾಗಿ ಬೆಳೆದಿತ್ತು. ಒಂದನ್ನೂ ಬಿಡದೆ ಕಿತ್ತು, ಗುಡ್ಡೆ ಹಾಕಿ, ಕೈ ಕೊಡವಿದಳು.

"ಅಕ್ಕ," ತಮ್ಮನ ದನಿ ಪಕ್ಕದಲ್ಲೇ ಕೇಳಿತು. ಅವನು ಬಂದದ್ದೇ ಅವಳಿಗೆ ತಿಳಿದಿರಲಿಲ್ಲ. "ಅವು ಮೆಣಸಿನ ಸಸಿ. ನಿನ್ನೆ ನಿನ್ನೆದುರಿಗೇ ನೆಟ್ಟಿದ್ದು."

"ಕಳೆ ಥರಾನೇ ಇತ್ತಪ್ಪ..."

"ಇಪ್ಪತ್ತೂ?"

ಅಕ್ಕ ಗುಡ್ಡೆಯಿಂದ ಒಂದು ಸಸಿ ಎತ್ತಿ ಎಲೆ ಸವರಿದಳು.

"ಎಷ್ಟು ದಿನದಿಂದ ಅಕ್ಕ?" ಎಂದ ತಮ್ಮ.

"ಎರಡು ವರ್ಷ ಆಯ್ತು." ಅವಳಿಗೆ ಭಯವಾಯಿತು. ಡಾಕ್ಟರ ಮುಂದೆ ಕೂತಾಗಲೂ ಅಷ್ಟು ಭಯವಾಗಿರಲಿಲ್ಲ. "ತಂಗಿಗೆ ಹೇಳ್ತೀಯಾ?"

ತಮ್ಮ ಟೂಲ್ ಬಾಕ್ಸ್ ತೆರೆದ ಸದ್ದಾಯಿತು. "ಹಳೇ ವಾಷರ್ ಎಲ್ಲಿ ಬಿಸಾಕಿದ್ನೋ ಏನೋ," ಎಂದು ಗೊಣಗಿದ.

ಕೆಡಿಸುವುದಕ್ಕೆ ಅವನಿಗೆ ಮೂರು ದಿನ ಹಿಡಿಯಿತು, ಆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಕೀಲಿಗೆ ಮರಳು ಹಾಕಿ ಬಾಗಿಲು ಆಡಿಸಿದರೆ ಅಕ್ಕ, "ಅದು ಕುಯ್ ಅಂತಿದೆ, ಕಿರ್ ಅನ್ಬೇಕು" ಎಂದು ವಾಪಸು ಕಳಿಸಿದಳು. ಮೆಟ್ಟಿಲು ಎಡಕ್ಕೆ ಎಷ್ಟು ವಾಲಬೇಕೆಂದು ಅವನು ಅಳತೆ ಕೇಳಿದಾಗ, "ಅಳತೆ ಆಚೆಗಿಡು, ಕಾಲಿಟ್ಟು ನೋಡು" ಎಂದಳು. ನಡುವೆ ತಂಗಿ ಫೋನ್ ಮಾಡಿ ಅಕ್ಕನನ್ನು ನಾಲ್ಕು ದಿನ ಕಳಿಸೆಂದಳು. "ಆಗಲ್ಲಮ್ಮ," ಎಂದ ತಮ್ಮ. "ಇಲ್ಲಿ ರಿಪೇರಿ ನಡೀತಿದೆ. ಅಕ್ಕ ಇಲ್ದೆ ಒಂದೂ ಸರಿಹೋಗಲ್ಲ."

ಮೂರನೇ ದಿನ ಸಂಜೆ ಅವನು ಕೈ ಒರೆಸಿಕೊಳ್ಳುತ್ತ ಕೇಳಿದ, "ಇನ್ನೇನಾದ್ರೂ ಬಾಕಿ ಇದೆಯಾ?"

"ನೀನೊಬ್ಬ ಬಾಕಿ."

"ನಾನಾ?"

"ಬೆಕ್ಕಿನ ಹಾಗೆ ಓಡಾಡ್ತೀಯ. ನೀನು ಪಕ್ಕದಲ್ಲೇ ಇದ್ರೂ ಮನೇಲಿ ಒಬ್ಬಳೇ ಇದ್ದೀನಿ ಅನ್ಸುತ್ತೆ ಕಣೋ."

ತಮ್ಮ ಎದ್ದು ಹೊರಗೆ ಹೋದ. ಬೀದಿಗೆ ಹಾಕುವ ಚಪ್ಪಲಿ ಮೆಟ್ಟಿಕೊಂಡು ಒಳಗೆ ಬಂದ. ಆ ಮನೆಯೊಳಗೆ ಹಾಗೆ ಬಂದು ಅಕ್ಕನಿಂದ ಬೈಸಿಕೊಳ್ಳದವರು ಅದುವರೆಗೆ ಒಬ್ಬರೂ ಇರಲಿಲ್ಲ. ಚಪ್ಪಲಿಯ ಸದ್ದು ನಡುಮನೆ ದಾಟಿ, ಅಡುಗೆಮನೆಗೆ ಹೋಗಿ, ತಿರುಗಿ ಅವಳ ಹತ್ತಿರ ಬಂದು ನಿಂತಿತು.

"ಇನ್ನೊಂದು ಸುತ್ತು ಹೋಗಿ ಬಾ," ಎಂದಳು ಅಕ್ಕ.